ಕಬ್ಬಿಣವಿಲ್ಲದ ಮನೆ

“ಜೇಬಲ್ಲಿ ಏನೂ ಇಲ್ಲ, ಸೊಂಟದಲ್ಲಿ ಏನೂ ಇಲ್ಲ. ಹಾಗಾದ್ರೆ ಇವನೇ ಗುಜರಿ ಮಾಲು,” ಎಂದ ಪ್ರಯೋಗಾಲಯದ ಮುಖ್ಯಸ್ಥ ಹೆನ್ನಿಂಗ್, ಅತಿಥಿಗಳ ಕಡೆ ತಿರುಗಿ. “ಹಡಗು ಕಟ್ಟೋ ಯಾರ್ಡಿಂದ ಆಳು ತಂದ್ರೆ ಹೀಗೇ ಆಗೋದು ನೋಡಿ. ತೂಕಕ್ಕೆ ಹಾಕಿದ್ರೆ ಇವನಿಂದ ನಾಲ್ಕು ಕಾಸಾದ್ರೂ ಹುಟ್ಟುತ್ತೆ.”

ಉಲ್ಲಾ ನಕ್ಕಳು. ಕಂಪ್ಯೂಟರ್ ಪರದೆಯ ಮುಂದೆ ಕೂತಿದ್ದ ಇಬ್ಬರು ವಿದ್ಯಾರ್ಥಿಗಳೂ ನಕ್ಕರು. ಹೆನ್ನಿಂಗ್ ಅದೇ ಮಾತನ್ನು ಇನ್ನೊಮ್ಮೆ ಇಂಗ್ಲಿಷಿನಲ್ಲಿ ಹೇಳಿದ, ಆಗ ಪ್ಯಾರಿಸಿನಿಂದ ಬಂದಿದ್ದ ಅತಿಥಿಗಳೂ ನಕ್ಕರು. ಬನಿಯನ್, ಒಳಚಡ್ಡಿಯಲ್ಲಿ ನಿಂತಿದ್ದ ಆಸ್ಗರ್ ಒಂದೇ ಅವಮಾನವನ್ನು ಎರಡು ಭಾಷೆಯಲ್ಲಿ ನುಂಗಬೇಕಾಯಿತು. ಒಂದು ಪೂರ್ತಿ ಅರ್ಥವಾಗುವ ಭಾಷೆ, ಇನ್ನೊಂದು ಅರ್ಧ ಅರ್ಥವಾಗುವ ಭಾಷೆ. ಅರ್ಧ ಅರ್ಥವಾದದ್ದೇ ಹೆಚ್ಚು ಉರಿಯುತ್ತಿತ್ತು, ಏಕೆಂದರೆ ಉಳಿದರ್ಧವನ್ನು ತಾನೇ ತುಂಬಿಕೊಳ್ಳಬೇಕು. ತಣ್ಣಗಿನ ಹಲಗೆಯ ಮೇಲೆ ಅವನ ಕಾಲ್ಬೆರಳುಗಳು ಮುದುರಿಕೊಂಡಿದ್ದವು. ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿರುವುದನ್ನು ಅತಿಥಿಗಳಲ್ಲಿ ಒಬ್ಬಳು, ಬೂದುಬಣ್ಣದ ಶಾಲಿನವಳು, ನೋಡುತ್ತಿದ್ದಾಳೆ ಅನ್ನಿಸಿತು. ಅವಳು ಮಾತ್ರ ನಗಲಿಲ್ಲ. ನಕ್ಕುಬಿಟ್ಟಿದ್ದರೇ ಚೆನ್ನಾಗಿತ್ತು. ಎಲ್ಲರೂ ಎಲ್ಲರನ್ನೂ ಏಕವಚನದಲ್ಲಿ ಮಾತಾಡಿಸುವ, ಯಜಮಾನನೂ ಆಳೂ ಒಂದೇ ಕೆಟಲಿನ ಕಾಫಿ ಕುಡಿಯುವ ಈ ಜಾಗದಲ್ಲಿ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ. ಇಲ್ಲಿ ಬೈಯುವುದಿಲ್ಲ, ತಮಾಷೆ ಮಾಡುತ್ತಾರೆ, ತಮಾಷೆಗೆ ಮುಖ ಗಂಟಿಕ್ಕಿದವನೇ ಸಣ್ಣವನಾಗುತ್ತಾನೆ.

ಬೀಚ್ ಮರಗಳ ಕಾಡಿನ ಮಧ್ಯದ ಆ ಮನೆಯಲ್ಲಿ ಕಬ್ಬಿಣದ ಒಂದು ಮೊಳೆಯೂ ಇರಲಿಲ್ಲ. ಹಲಗೆಗಳಿಗೆ ಮರದ ಬೆಣೆ, ಬಾಗಿಲಿಗೆ ಹಿತ್ತಾಳೆಯ ಕೀಲು. ಒಳಗೆ ಬರುವವರು ಗಡಿಯಾರ, ಬೆಲ್ಟು, ಕೀಲಿಕೈಗಳನ್ನು ಹೊರಗಿನ ಕೋಣೆಯಲ್ಲಿ ಬಿಟ್ಟು, ಲಾಡಿ ಕಟ್ಟುವ ಪ್ಯಾಂಟು ತೊಟ್ಟು, ತಾಮ್ರದ ಮೊಳೆ ಹೊಡೆದ ಮರದ ಚಪ್ಪಲಿ ಮೆಟ್ಟಿ ಬರಬೇಕು. ನಡುವೆ ಆಳೆತ್ತರದ ತಾಮ್ರದ ಸುರುಳಿಗಳು. ಅವುಗಳಲ್ಲಿ ಕರೆಂಟು ಹರಿಸಿದರೆ ಭೂಮಿಯ ಕಾಂತಕ್ಷೇತ್ರ ಅಷ್ಟು ಜಾಗದಲ್ಲಿ ಇಲ್ಲವೇ ಇಲ್ಲ ಎಂಬಂತಾಗುತ್ತದೆ. ಆ ಏನೂ ಇಲ್ಲದ ಜಾಗದಲ್ಲಿ ಕಾಂತಶಕ್ತಿ ಅಳೆಯುವ ಮುಷ್ಟಿಗಾತ್ರದ ಸೆನ್ಸರನ್ನು ಕೂರಿಸಿ ಅದು ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ನೋಡುತ್ತಾರೆ. ಮುಂದಿನ ವರ್ಷ ಉಪಗ್ರಹದ ಜೊತೆ ಮೇಲೆ ಹೋಗಿ, ಭೂಮಿಯ ಹೊಟ್ಟೆಯಲ್ಲಿ ಕುದಿಯುತ್ತಿರುವ ಕಬ್ಬಿಣದ ಕಡಲನ್ನು ಆಕಾಶದಲ್ಲಿ ನಿಂತು ಅಳೆಯಬೇಕಾದ ಸೆನ್ಸರ್ ಅದು. ಅದರ ಪಿಂಗಾಣಿ ಪೀಠವನ್ನು ಉಜ್ಜಿ ನಯಮಾಡಿದವನು ಆಸ್ಗರ್, ಟೈಟೇನಿಯಂ ತಿರುಪುಗಳನ್ನು ಒಂದೊಂದಾಗಿ ಕಡೆದವನು ಆಸ್ಗರ್. ನಾಳೆ ಅದನ್ನು ಕೊನೆಯ ಸಲ ಪೀಠಕ್ಕೆ ಬಿಗಿಯುತ್ತಾರೆ, ಆಮೇಲೆ ಯಾರ ಕೈಯೂ ತಾಗುವಂತಿಲ್ಲ. ಆ ಕೊನೆಯ ಕೈ ತನ್ನದಾಗಬೇಕೆಂದು ಅವನು ಯಾರಿಗೂ ಹೇಳದೆ ಆಸೆಪಟ್ಟಿದ್ದ. ಇವತ್ತು ಅತಿಥಿಗಳಿಗೆ ತೋರಿಸಲೆಂದು ತಿರುಪಿನ ಮೇಲೆ ಬಗ್ಗಿದ್ದೇ ತಡ, ಹತ್ತಿರ ಕಬ್ಬಿಣ ಇದೆ ಎಂದು ಪರದೆಯ ಗೆರೆ ಮೇಲೇರಿತು. ಹಿಂದೆ ಸರಿದರೆ ಇಳಿಯಿತು. ಬಗ್ಗಿದರೆ ಮತ್ತೆ ಏರಿತು. “ಬಿಚ್ಚು,” ಎಂದಿದ್ದ ಹೆನ್ನಿಂಗ್. ಷರಟು ಬಿಚ್ಚಿದ, ಪ್ಯಾಂಟು ಬಿಚ್ಚಿದ. ಗೆರೆ ಏರುತ್ತಲೇ ಇತ್ತು. ಕಬ್ಬಿಣ ಒಳಗೆ ತಂದವರು ಶುಕ್ರವಾರ ಎಲ್ಲರಿಗೂ ಕೇಕು ತರಬೇಕೆಂಬುದು ಇಲ್ಲಿಯ ಕಟ್ಟಳೆ. ಉಲ್ಲಾ ಒಮ್ಮೆ ಕೂದಲಿನ ಪಿನ್ನಿಗೆ ತಂದಿದ್ದಳು, ಹೆನ್ನಿಂಗೇ ಒಮ್ಮೆ ಕನ್ನಡಕದ ತಿರುಪಿಗೆ ತಂದಿದ್ದ. “ನಿಂದು ಮದುವೆ ಕೇಕಿನಷ್ಟು ದೊಡ್ಡದಿರಬೇಕಪ್ಪ,” ಎಂದು ಯಾರೋ ಕೂಗಿದರು. ಆಸ್ಗರ್ ಬಟ್ಟೆಯನ್ನು ಉಂಡೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದ.

ಹೊರಕೋಣೆಯಲ್ಲಿ ಅವನು ಲಾಡಿ ಕಟ್ಟಿಕೊಳ್ಳುತ್ತಿದ್ದಾಗ ಉಲ್ಲಾ ಬಂದಳು. ಸೆನ್ಸರಿನ ಅಳತೆಗಳ ಲೆಕ್ಕ ಮಾಡುವವಳು, ಅವನಿಗಿಂತ ಹತ್ತು ವರ್ಷ ದೊಡ್ಡವಳು, ಕೆಟ್ಟವಳಲ್ಲ. ಬಾಗಿಲಿಗೆ ಒರಗಿ ನಿಂತಳು.

“ಬೆಳಿಗ್ಗೆ ಆ ದೊಡ್ಡ ಅಯಸ್ಕಾಂತ ಇತ್ತಲ್ಲ, ತಿರುಪು ಪರೀಕ್ಷೆ ಮಾಡೋದು, ಅದನ್ನ ಸ್ಟೋರಿಗೆ ತಗೊಂಡು ಹೋಗಿದ್ದು ಯಾರು?”

“ನಾನು. ಅದಕ್ಕೂ ಕೇಕು ತರಬೇಕಾ?”

“ಹೆಂಗೆ ಹಿಡ್ಕೊಂಡಿದ್ದೆ?”

ಅವನು ಕೈ ಎತ್ತಿ ತೋರಿಸಿದ. ಮಗುವನ್ನು ಎದೆಗೆ ಒತ್ತಿಕೊಂಡ ಹಾಗೆ.

“ಅಂದ್ಕೊಂಡೆ,” ಎಂದಳು. “ಯಾರ್ಡಲ್ಲಿ ವೆಲ್ಡಿಂಗ್ ಎಷ್ಟು ದಿನ ಮಾಡ್ದೆ?”

“ಸ್ಕೂಲು ಬಿಟ್ಟಾಗಿಂದ. ಅವರು ಬಾಗಿಲು ಹಾಕೋ ತನಕ.”

“ಹೊಗೆ ಜೊತೆ ಕಬ್ಬಿಣದ ಪುಡೀನೂ ಒಳಗೆ ಹೋಗಿ ಕೂತಿರುತ್ತೆ ಆಸ್ಗರ್. ಸಣ್ಣ ಪುಡಿ. ಸುಮ್ನೆ ಇದ್ರೆ ಒಂದೊಂದು ಒಂದೊಂದು ಕಡೆ ಮುಖ ಮಾಡಿರುತ್ತೆ, ಏನೂ ಗೊತ್ತಾಗಲ್ಲ. ನೀನು ಅಯಸ್ಕಾಂತ ಒತ್ಕೊಂಡೆಯಲ್ಲ, ಎಲ್ಲ ಸಾಲಾಗಿ ನಿಂತ್ಬಿಟ್ಟಿದೆ. ಸಂಜೆ ಹೊತ್ತಿಗೆ ಮತ್ತೆ ಚದುರಿ ಹೋಗುತ್ತೆ. ವೆಲ್ಡರುಗಳ ಎದೆ ಹಿಂಗೇ ಅಳೀತಾರಂತೆ ಕೆಲವು ಕಡೆ. ಎಲ್ಲೋ ಓದಿದ್ದೆ.” ಬಾಗಿಲಿನಿಂದ ಬೆನ್ನು ತೆಗೆದು, “ನಾನೂ ನಕ್ಕೆ. ನಗಬಾರದಿತ್ತು,” ಎಂದಳು.

“ಯಾಕೆ? ಗುಜರಿ ತಾನೆ.”

ಅವಳು ಹೋದ ಮೇಲೂ ಅವನ ಬೆರಳುಗಳು ಲಾಡಿಯ ಗಂಟಿನಲ್ಲೇ ಇದ್ದವು. ತನ್ನ ಎದೆಯಲ್ಲಿ ಕಬ್ಬಿಣ ಇದೆ ಎಂಬುದು ಅವನಿಗೆ ಆಮೇಲೆ ಹೊಳೆಯಿತು. ಮೊದಲು ಕಣ್ಣ ಮುಂದೆ ಬಂದದ್ದು ಅಪ್ಪ ವಿಗ್ಗೋ. ಈಗ, ಈ ಹೊತ್ತಿನಲ್ಲಿ, ವಿಗ್ಗೋ ಅಡಿಗೆಮನೆಯ ಮೇಜಿಗೆ ಎರಡೂ ಮೊಣಕೈ ಊರಿ, ಹೆಗಲನ್ನು ಕಿವಿಯ ತನಕ ಎತ್ತಿಕೊಂಡು ಕೂತಿರುತ್ತಾನೆ. ಹಾಗೆ ಕೂತರೆ ಸ್ವಲ್ಪ ಹೆಚ್ಚು ಗಾಳಿ ಸಿಗುತ್ತದೆ. ಹಿಂದೊಮ್ಮೆ ಕಚೇರಿಯೊಂದರ ಬಿಳಿ ಗೋಡೆಯ ಕೋಣೆಯಲ್ಲಿ, ಕೆಲಸದಿಂದ ಬಂದ ಕಾಯಿಲೆಗೆ ಪರಿಹಾರ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರ ಮುಂದೆಯೂ, ಅಪ್ಪ ಹಾಗೆಯೇ ಕೂರಲು ನೋಡಿದ್ದ, ಆದರೆ ಅಲ್ಲಿ ಮೇಜು ದೂರ ಇತ್ತು. ಮೊಣಕೈ ಊರಲು ಜಾಗ ಸಿಗದೆ ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತಿದ್ದ. ಸಿಗರೇಟು ಸೇದ್ತಿದ್ದೆಯಾ ವಿಗ್ಗೋ? ಎಂದ ಅಲ್ಲಿಯ ಡಾಕ್ಟರ್. ಸೇದ್ತಿದ್ದೆ. ದಿನಕ್ಕೆ ಎಷ್ಟು? ಸಿಕ್ಕಷ್ಟು, ಎಂದು ಅಪ್ಪ ನಕ್ಕ. ಡಾಕ್ಟರೂ ನಕ್ಕ. ಒಳ್ಳೆಯ ನಗು, ಒಬ್ಬರ ಬೆನ್ನು ಒಬ್ಬರು ತಟ್ಟಿಕೊಳ್ಳುವಂಥದ್ದು. ಆ ನಗುವಿನಲ್ಲೇ ಎಲ್ಲ ಮುಗಿಯಿತು. ಹಡಗಿನ ತಳದ ತೊಟ್ಟಿಗಳಲ್ಲಿ, ಒಬ್ಬ ಮನುಷ್ಯ ಮಗ್ಗುಲಾಗಿ ಮಾತ್ರ ತೂರಬಲ್ಲ ಕಿಂಡಿಗಳ ಒಳಗೆ, ಹೊಗೆ ಹೋಗಲು ದಾರಿಯಿಲ್ಲದ ಕಡೆ ವೆಲ್ಡಿಂಗ್ ಮಾಡುತ್ತ ಇಡೀ ಪ್ರಾಯವನ್ನು ಕಳೆದ ಮನುಷ್ಯನಿಗೆ ತಂಬಾಕಿನಿಂದ ಬಂದ ಕಾಯಿಲೆ ಎಂದಾಯಿತು. ಯಾರ್ಡಿನವರು ಹಾಲು ಕೊಡುತ್ತಿದ್ದರು. ಹಾಲು ಕುಡಿದರೆ ಹೊಗೆ ಕೆಳಗಿಳಿಯುತ್ತದಂತೆ. ಆಸ್ಗರ್‌ಗೂ ಕೊಟ್ಟಿದ್ದರು, ಪಕ್ಕದ ತೊಟ್ಟಿಯಿಂದ ಅಪ್ಪ ಹೊರಬರುವಾಗ ಮೀಸೆಯ ಮೇಲೆ ಹಾಲು, ಅದರ ಮೇಲೆ ಮಸಿ.

ಅಪ್ಪ ಡಾಕ್ಟರ ಜೊತೆ ನಕ್ಕಾಗ ಆಸ್ಗರ್ ಕಿಟಕಿಯ ಆಚೆ ನೋಡಿದ್ದ. ಇವನು ನನ್ನಪ್ಪ ಅಲ್ಲ ಎನ್ನುವ ಹಾಗೆ. ಫೋರ್‌ಮನ್ ಕೆಣಕಿದರೂ ಅದೇ ನಗು, ಅಮ್ಮ ಇನ್ನೊಬ್ಬನ ಜೊತೆ ದೇಶದ ಪಶ್ಚಿಮ ತುದಿಗೆ ಹೊರಟು ನಿಂತ ದಿನವೂ ಬಾಗಿಲಲ್ಲಿ ಅದೇ ನಗು. ಬೇರೆಯವರು ಬಗ್ಗಿ ನಿಲ್ಲುವ ಕಡೆ ವಿಗ್ಗೋ ನಗುತ್ತಿದ್ದ. ಆ ಕೋಣೆಯಲ್ಲಿ ತಾನು ಒಂದು ಮಾತು ಆಡಿದ್ದರೆ, ಮೇಜನ್ನಾದರೂ ಹತ್ತಿರ ಎಳೆದು ಕೊಟ್ಟಿದ್ದರೆ. ಯಾರ್ಡಿನಲ್ಲಿ ಒಬ್ಬ ಹೇಳುತ್ತಿದ್ದ, ಹೆಣ ಸುಟ್ಟ ಮೇಲೆ ಬೂದಿಯ ಮೇಲೆ ಅಯಸ್ಕಾಂತ ಆಡಿಸಿ ಶವಪೆಟ್ಟಿಗೆಯ ಮೊಳೆಗಳನ್ನು ಆರಿಸಿ ತೆಗೆಯುತ್ತಾರಂತೆ. ಮೊಳೆಗಳ ಜೊತೆ ವೆಲ್ಡರುಗಳ ಎದೆಯೂ ಅಂಟಿಕೊಂಡು ಬರುತ್ತದೆ, ಅದನ್ನೂ ಡಬ್ಬಿಗೆ ಹಾಕುತ್ತಾರೆ, ಯಾರೂ ನೋಡುವುದಿಲ್ಲ. ಹೊಸ ಸಾಕ್ಷಿ ಇದ್ದರೆ ಮತ್ತೆ ಬನ್ನಿ, ಎಂದಿತ್ತು ಆ ಕಚೇರಿ. ಸಾಕ್ಷಿ ಇಲ್ಲಿದೆ. ಗೋಡೆಯ ಆಚೆ, ತಾಮ್ರದ ಸುರುಳಿಗಳ ನಡುವೆ. ಅದನ್ನು ಕೇಳಬೇಕಾದದ್ದು ಮಾತ್ರ ಹೆನ್ನಿಂಗನ ಹತ್ತಿರ.

ಊಟದ ಹೊತ್ತಿನಲ್ಲಿ ಅತಿಥಿಗಳು ಕಪ್ಪು ಬ್ರೆಡ್ಡಿನ ಮೇಲೆ ಉಪ್ಪಿನಲ್ಲಿಟ್ಟ ಮೀನು ಇಟ್ಟುಕೊಂಡು, ಅದನ್ನು ಹೇಗೆ ಕಚ್ಚಬೇಕೆಂದು ತಿಳಿಯದೆ ಫೋರ್ಕಿನಿಂದ ತಳ್ಳಾಡುತ್ತಿದ್ದರು. ಆಸ್ಗರ್ ಹೆನ್ನಿಂಗನ ಕುರ್ಚಿಯ ಹಿಂದೆ ನಿಂತ. ಮಾತನ್ನು ನಾಲಿಗೆಯ ಮೇಲೆ ಎಷ್ಟೋ ಸಲ ಜೋಡಿಸಿಕೊಂಡಿದ್ದ. ಎಲ್ಲ ಸಲವೂ ಅದರ ಹಿಂದೆ ಒಂದು ಬೈಗುಳ ಬಂದು ನಿಲ್ಲುತ್ತಿತ್ತು.

“ಹೆನ್ನಿಂಗ್, ಒಂದು ಮಾತು.”

“ಕೇಕಿನ ವಿಷಯನಾ? ಚಾಕೊಲೇಟ್ ಬೇಡಪ್ಪ, ನಂಗಾಗಲ್ಲ.”

“ನಮ್ಮಪ್ಪನ ಎದೆ ಅಳೆದು ಕೊಡ್ತೀಯಾ?”

ಹೆನ್ನಿಂಗ್ ಅಗಿಯುವುದನ್ನು ನಿಲ್ಲಿಸಿದ. ಉಲ್ಲಾ ಅಷ್ಟರಲ್ಲಿ ಅವನಿಗೆ ಎಲ್ಲ ಹೇಳಿದ್ದಳು ಎಂದು ಕಾಣುತ್ತದೆ. ಅವನ ಕಣ್ಣು ಸಣ್ಣದಾಗಿ ಹೊಳೆಯಿತು. ಆ ಹೊಳಪಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಮಳೆಹುಳ ಕಂಡ ಮಗುವಿಗೂ ಅಷ್ಟೇ ಹೊಳಪು ಬರುತ್ತದೆ.

“ಅವನೂ ವೆಲ್ಡರಾ? ಎಷ್ಟು ವರ್ಷ?”

“ಜೀವಮಾನ ಪೂರ್ತಿ. ಕೆಲಸದಿಂದ ಬಂದಿದ್ದಲ್ಲ, ಸಿಗರೇಟಿಂದ ಅಂತ ಅರ್ಜಿ ತಳ್ಳಿಹಾಕಿದ್ದಾರೆ. ನೀನು ಅಳೆದು, ಒಳಗೆ ಕಬ್ಬಿಣ ಇದೆ ಅಂತ ಬರೆದು ಕೊಟ್ರೆ—”

“ಅಯ್ಯೋ, ಕರ್ಕೊಂಡು ಬಾರೋ! ಇನ್ನೂ ನಿಂತಿದ್ದೀಯಲ್ಲ. ಮೂರು ಗಂಟೆ ತನಕ ಸುರುಳಿ ಖಾಲಿ ಇರುತ್ತೆ, ಇವರೆಲ್ಲ ಇರೋವಾಗ್ಲೇ ನೋಡೋಣ. ಉಪಗ್ರಹದಲ್ಲಿ ಹಾರೋ ಸೆನ್ಸರ್ ಬೇಡ, ಅದರ ಜೋಡಿ ಇದೆಯಲ್ಲ, ಅದು ಸಾಕು.”

“ಬರೆದು ಕೊಡ್ತೀಯಾ?”

“ಮೊದ್ಲು ಬರಲಿ ಮಾರಾಯ, ನೋಡೋಣ.”

ನೋಡೋಣ ಎಂದರೆ ಕೊಡುತ್ತೇನೆ ಎಂದಲ್ಲ. ಅದು ಗೊತ್ತಿದ್ದೂ ಆಸ್ಗರ್ ಅದನ್ನು ಕೊಡುತ್ತೇನೆ ಎಂದೇ ಎತ್ತಿಕೊಂಡ. ಗಟ್ಟಿಯಾಗಿ ಕೇಳಿದರೆ ಎಲ್ಲಿ ಒಡೆಯುತ್ತದೋ ಎಂದು ಜೋಪಾನವಾಗಿ ಕಾರಿನ ತನಕ ಹೊತ್ತುಕೊಂಡು ಹೋದ.

ಮನೆಯಲ್ಲಿ ವಿಷಯ ಕೇಳಿ ವಿಗ್ಗೋ ಗಡ್ಡ ಹೆರೆದುಕೊಳ್ಳಬೇಕೆಂದ. ನಡುವೆ ಉಸಿರಿಗಾಗಿ ನಿಂತು ನಿಂತು, ಅರ್ಧ ಮುಖ ಸೋಪಿನ ನೊರೆಯಲ್ಲಿ, ಅರ್ಧ ಮುಖ ಬರಿದು. ಆಮೇಲೆ ಬೀರುವಿನಿಂದ ಕೋಟು ತೆಗೆದ.

“ಅದು ಬೇಡಪ್ಪ. ಗುಂಡಿಯಲ್ಲಿ ಕಬ್ಬಿಣ ಇದೆ. ಅಲ್ಲಿ ಹೆಂಗೂ ಬಿಚ್ಚಿಸ್ತಾರೆ.”

“ಹಂಗಂತ ಬನಿಯನ್ನಲ್ಲಿ ಬರ್ಲೇನೋ, ಓದಿದವರ ಮುಂದೆ?” ಕೋಟು ಹಾಕಿಕೊಂಡೇ ಹೊರಟ. ಕಾರಿನಲ್ಲಿ, ಯಾರ್ಡು ಇದ್ದ ಬಂದರಿನ ಕಡೆ ನೋಡಲಿಲ್ಲ. ತುಂಬ ಹೊತ್ತಾದ ಮೇಲೆ ಕೇಳಿದ, “ಅಳೆದ್ರೆ ಏನಾಗುತ್ತೆ?”

“ಸಿಗರೇಟಲ್ಲ, ಯಾರ್ಡು ಅಂತ ಗೊತ್ತಾಗುತ್ತೆ.”

“ನಂಗೊತ್ತಲ್ಲೋ ಅದು.”

“ಅವರಿಗೆ ಗೊತ್ತಾಗಬೇಕು.”

“ಹ್ಞೂಂ,” ಎಂದ ವಿಗ್ಗೋ. ಅವನ ಮಂಡಿಯ ಮೇಲಿದ್ದ ಕೈಗಳ ಮೇಲೆಲ್ಲ ಕಿಡಿ ಬಿದ್ದ ಬಿಳಿ ಚುಕ್ಕೆಗಳು. “ನಿಂಗೆ ಅಲ್ಲಿ ಒಳ್ಳೇ ಹೆಸರಿದೆ ಅಂತಾಯ್ತು. ನೀನು ಕೇಳಿದ ತಕ್ಷಣ ಆಗ್ಲಿ ಅಂದ್ಬಿಟ್ರಾ?”

ಆಸ್ಗರ್ ಗೇರು ಬದಲಿಸಿದ.

ಕಾರು ಎಂದರೆ ಒಂದು ಟನ್ ಕಬ್ಬಿಣ. ಅದನ್ನು ಆ ಮನೆಯಿಂದ ಬಹಳ ದೂರ, ಕಾಡಿನ ಅಂಚಿನಲ್ಲೇ ಬಿಡಬೇಕು. ಅಲ್ಲಿಂದ ನಡೆಯುವ ದಾರಿ ಆರೋಗ್ಯವಂತರಿಗೆ ಒಂದು ಸಿಗರೇಟು ಸೇದುವಷ್ಟು ಹೊತ್ತಿನದು. ವಿಗ್ಗೋ ಮರದಿಂದ ಮರಕ್ಕೆ ನಡೆದ, ಪ್ರತಿ ಸಲ ಕಾಂಡಕ್ಕೆ ಅಂಗೈ ಒತ್ತಿ ನಿಂತು, ಮರವನ್ನು ಮೆಚ್ಚುತ್ತಿರುವವನ ಹಾಗೆ ತಲೆಯೆತ್ತಿ ನೋಡುತ್ತಿದ್ದ. ಉದುರಿದ ಎಲೆಗಳು ಒದ್ದೆಯಾಗಿ ಶಬ್ದವನ್ನೇ ಕಳೆದುಕೊಂಡಿದ್ದವು.

ಒಳಗೆ ಎಲ್ಲರೂ ಎದ್ದು ನಿಂತು ಕೈಕುಲುಕಿದರು. ಲಾಡಿಯ ಪ್ಯಾಂಟು ಅಪ್ಪನಿಗೆ ಎಷ್ಟು ಸಡಿಲವಾಗಿತ್ತೆಂದರೆ ಆಸ್ಗರ್ ಎರಡು ಸುತ್ತು ಕಟ್ಟಬೇಕಾಯಿತು. ಬಗ್ಗಿ ಗಂಟು ಹಾಕುವಾಗ ಅಪ್ಪನ ಪಕ್ಕೆಲುಬು ಅವನ ಹಣೆಗೆ ತಾಗಿತು. ಉಲ್ಲಾ ಹೊರಕೋಣೆಯಲ್ಲೇ ಅಯಸ್ಕಾಂತವನ್ನು ಅವನ ಎದೆಯ ಮೇಲೆ ಮೆಲ್ಲಗೆ ಆಡಿಸಿದಳು. ಆಮೇಲೆ ಸುರುಳಿಗಳ ನಡುವೆ, ಮರದ ಹಲಗೆಯ ಮೇಲೆ, ಮಲಗಿಸಿದರು. ಮಲಗಿದರೆ ಅಪ್ಪನಿಗೆ ಉಸಿರು ಸಿಕ್ಕುವುದಿಲ್ಲ, ಮನೆಯಲ್ಲಿ ಕೂತೇ ನಿದ್ದೆ ಮಾಡುತ್ತಾನೆ. ಅದನ್ನು ಹೇಳಲು ಆಸ್ಗರ್ ಬಾಯಿ ತೆರೆಯುವಷ್ಟರಲ್ಲಿ ವಿಗ್ಗೋ “ಪರವಾಗಿಲ್ಲ, ಪರವಾಗಿಲ್ಲ” ಎಂದ. ಸೆನ್ಸರನ್ನು ಅವನ ಎದೆಯ ಮೇಲಕ್ಕೆ ತಂದರು. ಪರದೆಯ ಗೆರೆ ಒಂದೇ ನೆಗೆತಕ್ಕೆ ಮೇಲೆ ಹೋಗಿ ಪರದೆಯಿಂದಲೇ ಆಚೆ ಹೋಯಿತು. ವಿದ್ಯಾರ್ಥಿಯೊಬ್ಬ ಬೈದುಕೊಂಡು ಅಳತೆಯನ್ನು ಬದಲಿಸಿದ. ಮತ್ತೆ ಆಚೆ ಹೋಯಿತು. ಮತ್ತೆ ಬದಲಿಸಿದ. ಅತಿಥಿಗಳು ಓ ಎಂದರು. ಹೆನ್ನಿಂಗ್ ಚಪ್ಪಾಳೆ ತಟ್ಟಿದ.

“ವಿಗ್ಗೋ! ನಿನ್ನ ದಾರ ಕಟ್ಟಿ ನೇತುಹಾಕಿದ್ರೆ ಉತ್ತರಕ್ಕೆ ಮುಖ ಮಾಡ್ತೀಯ ಕಣಯ್ಯ!”

ವಿಗ್ಗೋ ನಕ್ಕ. ಮಲಗಿದಲ್ಲೇ, ಕಣ್ಣು ಚಾವಣಿಯ ಕಡೆ ಇಟ್ಟು, ಅದೇ ನಗು. ನಗು ಕೆಮ್ಮಿಗೆ ತಿರುಗಿತು. ಪ್ರತಿ ಕೆಮ್ಮಿಗೂ ಪರದೆಯ ಗೆರೆ ಥರಥರ ಕುಣಿಯಿತು, ಅದನ್ನು ಕಂಡು ಇನ್ನೂ ನಕ್ಕರು, ಕೆಮ್ಮಿಗಲ್ಲ, ಗೆರೆಗೆ. ಕೆಮ್ಮುತ್ತಿರುವವನು ಒಂದು ಕಡೆ, ಗೆರೆ ಇನ್ನೊಂದು ಕಡೆ, ನೋಡುವವರ ಬೆನ್ನು ಅಪ್ಪನ ಕಡೆಗೆ. ಆಸ್ಗರ್ ಒಬ್ಬನೇ ಗೆರೆಗೂ ಅಪ್ಪನಿಗೂ ನಡುವೆ ನಿಂತು ಎರಡನ್ನೂ ನೋಡುತ್ತಿದ್ದ. ಮಗ್ಗುಲಾಗು ಎಂದರು, ಆದ. ಕೈ ಮೇಲೆತ್ತು ಎಂದರು, ಎತ್ತಿದ. “ಆಗ್ಲಿ, ಆಗ್ಲಿ, ನಂಗೇನು ಕೆಲಸ ಇದೆ.” ಅವನ ಕೆನ್ನೆ ಕೆಂಪಾಗಿತ್ತು. ಅಪ್ಪ ಸಂತೋಷವಾಗಿದ್ದಾನೆ ಎಂಬುದು ಆಸ್ಗರ್‌ಗೆ ತಟ್ಟನೆ ತಿಳಿಯಿತು. ವರ್ಷಗಳಿಂದ ಯಾರೂ ಅವನನ್ನು ಇಷ್ಟು ಗಮನವಿಟ್ಟು ನೋಡಿರಲಿಲ್ಲ. ತಿಳಿದದ್ದೇ ಎಲ್ಲಕ್ಕಿಂತ ಕೆಟ್ಟದ್ದೆನಿಸಿ, ಯಾರನ್ನಾದರೂ ಹೊಡೆಯಬೇಕೆನಿಸಿತು, ಹೊಡೆಯಲು ಯಾರೂ ಸಿಗಲಿಲ್ಲ.

ಹೆನ್ನಿಂಗ್ ಬೂದುಬಣ್ಣದ ಶಾಲಿನವಳಿಗೆ ವಿವರಿಸುತ್ತಿದ್ದ, ಆಸ್ಗರ್‌ಗೆ ಅರ್ಧ ಅರ್ಥವಾಗುವ ಆ ಭಾಷೆಯಲ್ಲಿ. ಬೆಟ್ಟ, ಕಡಲು, ಹವೆ, ಉಪಗ್ರಹದ ಸ್ವಂತ ಮೈ, ಎಲ್ಲವೂ ಏನೋ ಒಂದು ಕೂಗುತ್ತಿರುತ್ತದೆ. ಅದೆಲ್ಲ ಗದ್ದಲ, ಅದನ್ನೆಲ್ಲ ಕಳೆದರೆ ಉಳಿಯುವುದೇ ಭೂಮಿಯ ಒಡಲಿನ ದನಿ. ಅದಕ್ಕೇ ಸೆನ್ಸರನ್ನು ಉದ್ದನೆಯ ಕೋಲಿನ ತುದಿಗೆ ಕಟ್ಟಿ ದೂರ ಚಾಚುವುದು, ತನ್ನ ಮೈ ತನಗೇ ಕೇಳಿಸಬಾರದೆಂದು. ಆಸ್ಗರ್ ಅದನ್ನು ಮೊದಲೂ ಕೇಳಿದ್ದ, ಆಗ ಚೆಂದ ಅನ್ನಿಸಿತ್ತು. ಅಷ್ಟು ಆಳದ, ಯಾರೂ ಕಾಣದ ಕಬ್ಬಿಣಕ್ಕೆ ಇಷ್ಟು ಜನ, ಇಷ್ಟು ದೇಶ. ಗೇಣು ದೂರದ, ಅಪ್ಪನ ಎದೆಯ ಕಬ್ಬಿಣ ಬರೀ ಗದ್ದಲ.

ಮುಗಿದ ಮೇಲೆ ವಿಗ್ಗೋ ಜಗುಲಿಯ ಬೆಂಚಿನ ಮೇಲೆ ಕೂತು ಬೂಟು ಹಾಕಿಕೊಳ್ಳತೊಡಗಿದ. ಆಸ್ಗರ್ ಹೆನ್ನಿಂಗನ ಎದುರು ನಿಂತ.

“ಯಾವಾಗ ಬರೆದು ಕೊಡ್ತೀಯ?”

ಹೆನ್ನಿಂಗ್ ಕನ್ನಡಕ ತೆಗೆದು ಒರೆಸಿದ. ಅವನ ಮುಖದ ಹೊಳಪು ಆರಿತ್ತು. “ನೋಡು ಆಸ್ಗರ್. ಒಳಗೆ ಕಬ್ಬಿಣ ಇದೆ, ಸರಿ. ಅದೇ ಕಾಯಿಲೆ ತಂತಾ, ಸಿಗರೇಟು ತಂತಾ, ನಂಗೊತ್ತಿಲ್ಲ. ಇದು ಆಸ್ಪತ್ರೆ ಅಲ್ಲ. ಗೊತ್ತಿಲ್ಲದ್ದಕ್ಕೆ ನಾನು ಸಹಿ ಮಾಡಕ್ಕಾಗಲ್ಲ.”

“ಕಾಯಿಲೆ ಬಗ್ಗೆ ಬರೀಬೇಡ. ಕಬ್ಬಿಣ ಇದೆ ಅಂತ ಮಾತ್ರ ಬರಿ. ಕಂಡಷ್ಟು.”

“ಕಂಡಷ್ಟು ಬರೆದ್ರೆ ಅವರು ಕಾಣದ್ದನ್ನೂ ಓದ್ಕೋತಾರೆ. ಆಮೇಲೆ ಯಾರ್ಡಿನ ವಕೀಲ ಬಂದು ನನ್ನ ಕೂರಿಸ್ಕೋತಾನೆ. ಉಪಗ್ರಹದ ದುಡ್ಡಲ್ಲಿ ಕಾಯಿಲೆ ಮನುಷ್ಯನ್ನ ಯಾಕೆ ಮಲಗಿಸಿದ್ರಿ ಅಂತ ಮೇಲಿನವರು ಕೇಳ್ತಾರೆ.” ದನಿ ತಗ್ಗಿಸಿದ. “ಇವತ್ತಿಂದು ಆಗೇ ಇಲ್ಲ ಅಂದ್ಕೋ. ಆ ಗೆರೆ ಅಳಿಸಿಬಿಡಿ ಅಂತ ಹುಡುಗರಿಗೆ ಹೇಳಿದೀನಿ.”

ಬಾಗಿಲಲ್ಲಿ ಕಾಫಿಯ ಲೋಟಗಳನ್ನು ಹಿಡಿದು ನಿಂತಿದ್ದ ಉಲ್ಲಾ ತನ್ನ ಮರದ ಚಪ್ಪಲಿಯನ್ನೇ ನೋಡುತ್ತಿದ್ದಳು. ಆಸ್ಗರ್ ಅವಳ ಕಡೆ ತಿರುಗಿದ. ಅವಳು ಒಂದು ಲೋಟವನ್ನು ವಿಗ್ಗೋಗೆ ಕೊಟ್ಟಳು, ಅಷ್ಟೆ. ವಿಗ್ಗೋ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಲೋಟವನ್ನು ಪಕ್ಕಕ್ಕಿಟ್ಟು ಬೂಟಿನ ದಾರ ಕಟ್ಟಿ ಮುಗಿಸಿ, ಮತ್ತೆ ಅದನ್ನು ಕೈಗೆತ್ತಿಕೊಂಡ.

“ಅವನು ಹೇಳೋದೂ ಸರಿನೇ ಕಣೋ,” ಎಂದ. “ಪಾಪ, ಅವನಿಗ್ಯಾಕೆ ತೊಂದರೆ.”

ಹೆನ್ನಿಂಗನಿಗೆ ಭಾರ ಇಳಿದಂತಾಯಿತು.

“ನಾಳೆ ಸೆನ್ಸರ್ ನೀನೇ ಬಿಗೀಬೇಕು ಆಸ್ಗರ್. ಅಷ್ಟೊತ್ತಿಗೆ ನಿನ್ನ ಎದೆ ಸರಿಹೋಗಿರುತ್ತೆ. ನಿನ್ನಂಥ ಕೈ ಇಲ್ಲಿ ಯಾರಿಗೂ ಇಲ್ಲ, ಇದನ್ನ ಪ್ಯಾರಿಸಿನವರ ಮುಂದೇನೇ ಹೇಳ್ತೀನಿ. ಬೆಳಗಿನ ಮಾತು ಬಿಡು, ತಮಾಷೆ. ಏಳು ಗಂಟೆಗೆ ಬರ್ತೀಯ ತಾನೆ?”

“ಬರ್ತಾನೆ, ಬರ್ತಾನೆ,” ಎಂದ ವಿಗ್ಗೋ. “ಯಾಕೆ ಬರಲ್ಲ? ಹೇಳೋ, ಬರ್ತೀನಿ ಅಂತ ಹೇಳೋ.”

ಇಬ್ಬರೂ ಅವನ ಬಾಯನ್ನೇ ನೋಡುತ್ತಿದ್ದರು. ಆಸ್ಗರ್ ಅಪ್ಪನ ಕೈಯಿಂದ ಲೋಟ ತೆಗೆದು ಬೆಂಚಿನ ಮೇಲಿಟ್ಟ, ಕೋಟಿನ ತೋಳು ಹಿಡಿದುಕೊಟ್ಟ, ತೋಳಿಗೆ ತೋಳು ಕೊಟ್ಟು ಎಬ್ಬಿಸಿದ. ಮೆಟ್ಟಿಲಿಳಿದು ಕಾಡಿನ ದಾರಿ ಹಿಡಿದರು. ಸಿಟ್ಟಿನಿಂದ ಧಡಧಡ ನಡೆದುಹೋಗುವ ಭಾಗ್ಯವೂ ಅವನಿಗಿರಲಿಲ್ಲ. ಅಪ್ಪನ ಉಸಿರಿನಷ್ಟೇ ನಿಧಾನ ಹೋಗಬೇಕು, ಅದು ನಿಂತಲ್ಲಿ ನಿಲ್ಲಬೇಕು. ಮೊದಲನೆಯ ಮರದ ಹತ್ತಿರವೇ ವಿಗ್ಗೋ ನಿಂತ. ಜಗುಲಿ ಇನ್ನೂ ಹತ್ತಿರವೇ ಇತ್ತು. ಹೆನ್ನಿಂಗ್ ಇನ್ನೂ ಅಲ್ಲೇ ಇದ್ದ.

“ಆಸ್ಗರ್? ಏಳು ಗಂಟೆಗೆ?”

ವಿಗ್ಗೋ ಉತ್ತರ ಕೊಡಲು ಬಾಯಿ ತೆರೆದ, ದನಿಗೆ ಬೇಕಾದಷ್ಟು ಗಾಳಿ ಒಳಗಿರಲಿಲ್ಲ. ಮಗನ ಕಡೆ ನೋಡಿ ಹುಬ್ಬು ಎತ್ತಿದ, ಹೇಳು ಎನ್ನುವ ಹಾಗೆ. ಆಸ್ಗರ್ ಅಂಗೈಯನ್ನು ಅಪ್ಪನ ಬೆನ್ನಿನ ಮೇಲೆ ಇಟ್ಟ. ಕೋಟಿನ ಕೆಳಗೆ ಪಕ್ಕೆಗಳು ಏರುತ್ತಿದ್ದವು, ಇಳಿಯುತ್ತಿದ್ದವು, ಏರುವಾಗ ಏನೋ ಕರಕರ ಅನ್ನುತ್ತಿತ್ತು. ಅದು ತಹಬಂದಿಗೆ ಬರುವ ತನಕ ಕಾದ. ಹಿಂದಿನಿಂದ ಮತ್ತೊಮ್ಮೆ ಅವನ ಹೆಸರು ಕೇಳಿಸಿತು. ಅಪ್ಪನ ಮೊಣಕೈ ಹಿಡಿದು ಮುಂದಿನ ಮರದ ಕಡೆ ನಡೆದ.